ದುಬೈ ಡಬ್ಬಿಯ ವಿಟಮಿನ್ ಡಯಾಲಿಸಿಸ್ ಮಾಡಿಸುವವರಿಗೆ ಯಾಕೆ ಬೇಡ?

ಉಡುಪಿಯ ಅಜ್ಜರಕಾಡಿನ ಹತ್ತಿರ ಮೆಡಿಕಲ್ ಶಾಪ್‌ನಲ್ಲಿ ಕೂತು ನನಗೆ ಹದಿನೆಂಟು ವರ್ಷ ಆಯಿತು. ಕಳೆದ ಆಟಿಯ ಒಂದು ಸಂಜೆ, ಮಳೆ ಹೊಡೆಯುತ್ತಿರುವಾಗ, ಒಬ್ಬರು ಹೆಂಗಸು ಕೊಡೆಯನ್ನು ಬಾಗಿಲಿಗೆ ಒರಗಿಸಿಟ್ಟು ಒಳಗೆ ಬಂದರು. ಚೀಲದಿಂದ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಕೌಂಟರ್ ಮೇಲಿಟ್ಟರು. 300 ಮಾತ್ರೆಯ ಮಲ್ಟಿವಿಟಮಿನ್.

"ತಮ್ಮ ದುಬೈಯಿಂದ ತಂದದ್ದು ಸರ್. ಅಪ್ಪನಿಗೆ ಕೊಡಬಹುದಾ? ಡಯಾಲಿಸಿಸ್ ಸುರುವಾದ ಮೇಲೆ ಅವರಿಗೆ ಎದ್ದು ಜಗಲಿಗೆ ಬರ್ಲಿಕ್ಕೂ ಆಗುವುದಿಲ್ಲ. ಅಷ್ಟು ಸುಸ್ತು."

ಡಬ್ಬಿ ತಿರುಗಿಸಿ ಹಿಂದಿನ ಲೇಬಲ್ ಓದಿದೆ. ಮೊದಲ ಸಾಲಲ್ಲೇ ವಿಟಮಿನ್ ಎ. ಇದು ಬೇಡ ಎಂದೆ.

"ವಿಟಮಿನ್ ಅಲ್ವಾ ಸರ್? ವಿಷ ಅಲ್ಲವಲ್ಲ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗ್ತದೆ ಅಂತಾರೆ."

ಈ ಮಾತನ್ನು ನಾನು ನೂರಾರು ಸಲ ಕೇಳಿದ್ದೇನೆ. ಕಿಡ್ನಿ ಚೆನ್ನಾಗಿರುವವರ ಮಟ್ಟಿಗೆ ಅರ್ಧ ಸತ್ಯವೂ ಹೌದು. ಆದರೆ ಅವರ ಅಪ್ಪನಿಗೆ ದಿನಕ್ಕೆ ಒಂದು ಲೋಟ ಮೂತ್ರವೂ ಹೋಗುವುದಿಲ್ಲ. ಹೊರಗೆ ಹೋಗುವ ದಾರಿಯೇ ಮುಚ್ಚಿದ ಮೇಲೆ ವಿಟಮಿನ್‌ನ ಲೆಕ್ಕವೇ ಬೇರೆಯಾಗುತ್ತದೆ. ಕೆಲವು ವಿಟಮಿನ್ ಸೋರಿ ಹೋಗುತ್ತವೆ, ಕೆಲವು ಒಳಗೇ ರಾಶಿ ಬೀಳುತ್ತವೆ. ಒಂದಂತೂ ಕಿಡ್ನಿ ಇಲ್ಲದಿದ್ದರೆ ಕೆಲಸಕ್ಕೇ ಬರುವುದಿಲ್ಲ. ಕೌಂಟರ್‌ನಲ್ಲಿ ನಿಂತು ಇಷ್ಟೆಲ್ಲ ಹೇಳಲು ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸೋರಿ ಹೋಗುವುದರಿಂದ ಸುರು ಮಾಡೋಣ. ನಮ್ಮ ಕಡೆ ಕುಚ್ಚಲಕ್ಕಿ ಬೇಯಿಸಿ ತೆಳಿ ಬಸಿಯುತ್ತೇವಲ್ಲ, ಡಯಾಲಿಸಿಸ್ ಹೆಚ್ಚು ಕಡಿಮೆ ಅದೇ ರೀತಿ. ಗೇಣಿಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಕೂದಲಿನಷ್ಟು ಸಪೂರದ ಸಾವಿರಾರು ನಳಿಗೆಗಳು. ನಳಿಗೆಯ ಒಳಗೆ ರಕ್ತ ಹರಿಯುತ್ತದೆ, ಹೊರಗೆ ನೀರು ಹರಿಯುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿ ನೀರು, 4 ಗಂಟೆ. ಲೆಕ್ಕ ಹಾಕಿದರೆ 120 ಲೀಟರ್, ಅಂದರೆ ಸುಮಾರು ಹತ್ತು ಕೊಡಪಾನ. ಒಂದೇ ಸಲದ ಡಯಾಲಿಸಿಸ್‌ಗೆ ಇಷ್ಟು ನೀರು ರಕ್ತದ ಪಕ್ಕದಲ್ಲೇ ಹರಿದು ಹೋಗುತ್ತದೆ.

ಆ ನೀರು ಬರೀ ನೀರಲ್ಲ. ಅದಕ್ಕೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಅಳತೆ ಮಾಡಿ ಸೇರಿಸಿರುತ್ತಾರೆ. ರಕ್ತದಲ್ಲಿರುವ ಇವೆಲ್ಲ ಒಂದೇ ಸಲ ಖಾಲಿಯಾಗಬಾರದಲ್ಲ, ಅದಕ್ಕೆ. ಆದರೆ ವಿಟಮಿನ್ ಸೇರಿಸುವುದಿಲ್ಲ. ಹಾಗಾಗಿ ರಕ್ತದಲ್ಲಿರುವ ಸಣ್ಣ ವಿಟಮಿನ್‌ಗಳು ಯೂರಿಯಾ ಎಂಬ ಕಸದ ಜೊತೆಯಲ್ಲೇ ಜಾರಿ ಹೋಗುತ್ತವೆ. ಫಿಲ್ಟರ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಗಾತ್ರ ಮಾತ್ರ. ಯೂರಿಯಾದ ಅಣುತೂಕ 60, ವಿಟಮಿನ್ ಸಿಯದ್ದು 176, ಫೋಲಿಕ್ ಆಸಿಡ್‌ನದ್ದು 441. ಇವು ಸಲೀಸಾಗಿ ನುಸುಳುತ್ತವೆ. ಬಿ12 ದೊಡ್ಡದು, 1355. ಸಾಲದ್ದಕ್ಕೆ ಪ್ರೋಟೀನಿಗೆ ಅಂಟಿಕೊಂಡೇ ತಿರುಗುತ್ತದೆ, ಹಾಗಾಗಿ ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವ ಗುಂಪು. ಇವು ನೀರಿನ ದಾರಿ ಹಿಡಿಯುವುದೇ ಇಲ್ಲ.

ಯಂತ್ರ ಕಳೆಯುವುದು ಒಂದು ಕಡೆ. ನಾವೇ ಅಡುಗೆಮನೆಯಲ್ಲಿ ಕಳೆಯುವುದು ಇನ್ನೊಂದು ಕಡೆ. ಪೊಟ್ಯಾಸಿಯಂ ಏರಿದರೆ ಹೃದಯ ನಿಂತೇ ಹೋಗಬಹುದು. ಅದಕ್ಕೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿ ಎನ್ನುತ್ತಾರೆ. ಸರಿಯಾದ ಸಲಹೆಯೇ. ಆದರೆ ಹರಿವೆಯ ಫೋಲಿಕ್ ಆಸಿಡ್, ಸೊಪ್ಪಿನ ವಿಟಮಿನ್ ಸಿ ಅದೇ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಬೊಂಡ (ಎಳನೀರು) ಬೇಡ, ಬಾಳೆಹಣ್ಣು ಬೇಡ, ಕಿತ್ತಳೆ ಬೇಡ. ಅದೂ ಪೊಟ್ಯಾಸಿಯಂ ಕಾರಣಕ್ಕೇ. ಇಷ್ಟರ ಮೇಲೆ ಬಾಯಿರುಚಿ ಕೆಟ್ಟಿರುತ್ತದೆ, ಊಟ ಸೇರುವುದಿಲ್ಲ. ಡಯಾಲಿಸಿಸ್ ದಿನ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಒಂದು ಹೊತ್ತಿನ ಊಟ ತಪ್ಪುತ್ತದೆ.

ಈ ವಿಷಯದಲ್ಲಿ ನಮ್ಮ ಕುಚ್ಚಲಕ್ಕಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವಾಗ ಹೊರಪದರದ ಥಯಮಿನ್, ಅಂದರೆ ಬಿ1, ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಭತ್ತ ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಯಲ್ಲಿ ಹೋಗಿಬಿಡುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡರು. ಬೆರಿಬೆರಿ ರೋಗದ ಗುಟ್ಟು ಸಿಕ್ಕಿದ್ದು ಅಲ್ಲಿಂದ. ಅದಕ್ಕೆ 1929ರಲ್ಲಿ ನೊಬೆಲ್ ಬಂತು. ಊಟ ಬಿಟ್ಟ ಡಯಾಲಿಸಿಸ್ ರೋಗಿಯಲ್ಲಿ ಈ ಬಿ1 ತೀರಾ ಇಳಿದರೆ ಗೊಂದಲ, ನಡೆಯುವಾಗ ತೂರಾಟ, ಕಣ್ಣು ಓಡಾಡುವುದು ಕಾಣಿಸಬಹುದು. ಮನೆಯವರು "ಕಿಡ್ನಿಯ ವಿಷ ತಲೆಗೇರಿದೆ" ಎಂದುಕೊಳ್ಳುತ್ತಾರೆ. ಎರಡೂ ಒಂದೇ ಥರ ಕಾಣುತ್ತದೆ. ಬಿ1 ಇಳಿದದ್ದಾದರೆ ಕಾಯುವ ಹಾಗಿಲ್ಲ, ಇಂಜೆಕ್ಷನ್ ತಡವಾದರೆ ಮೆದುಳಿಗೆ ಆದ ಪೆಟ್ಟು ಉಳಿದುಬಿಡುತ್ತದೆ.

ಈ ಸೋರಿಕೆ ತುಂಬಲಿಕ್ಕೇ ಡಯಾಲಿಸಿಸ್‌ನವರಿಗೆ ಬೇರೆ ವಿಟಮಿನ್ ಮಾತ್ರೆ ಇದೆ. ಅದರಲ್ಲಿ ಬಿ ಗುಂಪಿನವು, ಫೋಲಿಕ್ ಆಸಿಡ್, ಸ್ವಲ್ಪ ವಿಟಮಿನ್ ಸಿ ಇರುತ್ತವೆ. ಎ ಇರುವುದಿಲ್ಲ. ನೋಡಲು ಸಾದಾ ಮಾತ್ರೆ, ಡಬ್ಬಿಯಲ್ಲಿ ಓಡುವ ಕುದುರೆಯ ಚಿತ್ರವೂ ಇಲ್ಲ. ಡಾಕ್ಟರ್ ಇದನ್ನು ಬರೆದುಕೊಟ್ಟರೆ ಹೊತ್ತು ನೋಡಿ ತೆಗೆದುಕೊಳ್ಳಬೇಕು. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ ಏಳಕ್ಕೆ ಯಂತ್ರಕ್ಕೆ ಕೂತರೆ ಅದು ಹತ್ತು ಕೊಡಪಾನ ನೀರಿನ ಪಾಲು. ಡಯಾಲಿಸಿಸ್ ಮುಗಿದ ಮೇಲೆ ತೆಗೆದುಕೊಳ್ಳಿ. ಇಲ್ಲವೇ ದಿನಾ ರಾತ್ರಿ ಊಟದ ನಂತರ ಎಂದು ಇಟ್ಟುಕೊಂಡರೆ ನೆನಪಿಡುವುದು ಸುಲಭ. ಹೊಟ್ಟೆಯ ಡಯಾಲಿಸಿಸ್ ಮಾಡುವವರಿಗೂ ಈ ಗುಂಪಿನ ವಿಟಮಿನ್ ನಷ್ಟವಾಗುತ್ತದೆ. ಆದರೆ ಅವರದ್ದು ದಿನವಿಡೀ ನಡೆಯುವುದರಿಂದ ಹೊತ್ತಿನ ತಲೆಬಿಸಿ ಕಡಿಮೆ.

ಹಾಗಾದರೆ ಎಲ್ಲರಿಗೂ ಕೊಡಬೇಕಾ? ಇಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. 2004ರಲ್ಲಿ ಬಂದ ದೊಡ್ಡದೊಂದು ಅಧ್ಯಯನ ಹಲವು ದೇಶಗಳ ಡಯಾಲಿಸಿಸ್ ರೋಗಿಗಳನ್ನು ನೋಡಿತು. ಅಮೆರಿಕದಲ್ಲಿ ಹೆಚ್ಚಿನವರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬ್ರಿಟನ್ನಿನಲ್ಲಿ ನೂರಕ್ಕೆ ಐದು ಮಂದಿಯೂ ಇಲ್ಲ. ಮಾತ್ರೆ ತಿನ್ನುವವರಲ್ಲಿ ಸಾವು ಸ್ವಲ್ಪ ಕಡಿಮೆ ಕಂಡಿತು. ಅದು ಮಾತ್ರೆಯ ಗುಣವೋ, ಮಾತ್ರೆ ತಪ್ಪದೆ ತಿನ್ನುವಷ್ಟು ಕಾಳಜಿ ಇರುವವರು ಉಳಿದದ್ದೆಲ್ಲವನ್ನೂ ಸರಿಯಾಗಿ ನೋಡಿಕೊಳ್ಳುತ್ತಾರೋ? ಅಂಥ ಅಧ್ಯಯನದಿಂದ ಇದು ಬಗೆಹರಿಯುವುದಿಲ್ಲ. 2020ರ ಅಮೆರಿಕದ ಕಿಡ್ನಿ ಪೋಷಣೆಯ ಮಾರ್ಗಸೂಚಿಯೂ ಎಲ್ಲರಿಗೂ ಕಣ್ಣುಮುಚ್ಚಿ ಕೊಡಿ ಎನ್ನುವುದಿಲ್ಲ. ಊಟ ನೋಡಿ, ಕೊರತೆ ನೋಡಿ, ಕೊಡಿ ಎನ್ನುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಹೊತ್ತು ಗಂಜಿ ಉಪ್ಪಿನಕಾಯಿಯಲ್ಲೇ ದಿನ ದೂಡುವವರಿಗೆ ಈ ಕಡಿಮೆ ಬೆಲೆಯ ಮಾತ್ರೆ ಬೇಕು. ಮೀನು, ಮೊಟ್ಟೆ, ಪಲ್ಯ ಎಲ್ಲ ಸೇರುವವರು ಡಾಕ್ಟರ ಹತ್ತಿರ ಕೇಳಿಯೇ ಸುರು ಮಾಡಲಿ.

ವಿಟಮಿನ್ ಸಿಯ ಕತೆ ವಿಚಿತ್ರ. ಒಂದು ಸಲದ ಡಯಾಲಿಸಿಸ್‌ನಲ್ಲಿ ರಕ್ತದಲ್ಲಿರುವುದು ಅರ್ಧಕ್ಕರ್ಧ ಇಳಿಯುವುದುಂಟು. ಹಾಗಾಗಿ ಕೊರತೆ ಆಗುತ್ತದೆ. ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ವಾಸಿಯಾಗದ ಗಾಯ. ಸರಿ, ಹಾಗಾದರೆ ಜಾಸ್ತಿ ತಿನ್ನೋಣ ಎಂದುಕೊಂಡರೆ ಅಲ್ಲೇ ಎಡವುತ್ತೇವೆ. ದೇಹದಲ್ಲಿ ವಿಟಮಿನ್ ಸಿಯ ಒಂದು ಪಾಲು ಆಕ್ಸಲೇಟ್ ಆಗುತ್ತದೆ. ಆಕ್ಸಲೇಟ್ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಡಯಾಲಿಸಿಸ್ ಸ್ವಲ್ಪ ತೆಗೆಯುತ್ತದೆ, ಪೂರ್ತಿ ಅಲ್ಲ. ಉಳಿದದ್ದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಎಲುಬು, ಗಂಟು, ರಕ್ತನಾಳ, ಹೃದಯದಲ್ಲಿ ಕೂರುತ್ತದೆ. ಅದಕ್ಕೇ ಡಯಾಲಿಸಿಸ್‌ನವರಿಗೆ ಸಿ ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ ಒಳಗೇ ಇರುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಹೊಕ್ಕ ಚೀಪುವ ಮಾತ್ರೆ 500 ಮಿಲಿಗ್ರಾಂನದ್ದು. ನೀರಿಗೆ ಹಾಕಿದರೆ ಬುಸ್ ಎನ್ನುವ ಗಲ್ಫ್ ಮಾತ್ರೆ 1000ದ್ದು. ಅದರ ಜೊತೆ ಸೋಡಿಯಂ ಬೇರೆ, ಒಂದು ಲೋಟ ನೀರು ಬೇರೆ. ನೀರನ್ನು ಅಳೆದು ಕುಡಿಯುವವರಿಗೆ ಆ ಒಂದು ಲೋಟವೂ ಲೆಕ್ಕವೇ.

ಇದೇ ಮಾತಿಗೆ ಹಿತ್ತಿಲಿನ ಎರಡು ಮರಗಳ ಬಗ್ಗೆ ಹೇಳಬೇಕು. ಬಿಂಬುಳಿ ಮತ್ತು ದಾರೆಹುಳಿ. ದಾರೆಹುಳಿ ಎಂದರೆ ಅಡ್ಡ ಕತ್ತರಿಸಿದರೆ ನಕ್ಷತ್ರದ ಹಾಗೆ ಕಾಣುವ ಹಣ್ಣು. ಎರಡೂ ಒಂದೇ ಕುಟುಂಬದವು, ಎರಡರಲ್ಲೂ ಸಿ ಉಂಟು, ಎರಡರಲ್ಲೂ ಆಕ್ಸಲೇಟ್ ತುಂಬಿದೆ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು, ಚೆನ್ನಾಗಿದ್ದ ಕಿಡ್ನಿಯನ್ನೇ ಕೆಡಿಸಿಕೊಂಡವರ ವರದಿಗಳು ಪಕ್ಕದ ಕೇರಳದಿಂದಲೇ ಬಂದಿವೆ. ದಾರೆಹುಳಿ ಇನ್ನೂ ಅಪಾಯ. ಅದರಲ್ಲಿ ಕ್ಯಾರಂಬಾಕ್ಸಿನ್ ಎಂಬ ನರದ ವಿಷ ಇದೆ. ಆರೋಗ್ಯವಂತರು ಸ್ವಲ್ಪ ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಡಯಾಲಿಸಿಸ್‌ನವರಿಗೆ ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವು. ಒಂದೇ ಹಣ್ಣು ಸಾಕಾಗುತ್ತದೆ. ಮೀನು ಸಾರಿಗೆ ಹುಳಿ ಬೇಕಾದರೆ ಬೇರೆ ದಾರಿ ನೋಡಿ, ಈ ಎರಡನ್ನು ಬಿಡಿ. ಡಯಾಲಿಸಿಸ್‌ನವರು ದಾರೆಹುಳಿ ತಿಂದು ಬಿಕ್ಕಳಿಕೆ ಬಂದರೆ ಸಕ್ಕರೆ ಚೀಪಿ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಈಗ ರಾಶಿ ಬೀಳುವ ವಿಟಮಿನ್‌ಗೆ ಬರೋಣ. ಆ ಹೆಂಗಸಿನ ಡಬ್ಬಿಯ ಮೊದಲ ಸಾಲು. ವಿಟಮಿನ್ ಎ ಲಿವರ್‌ನಲ್ಲಿ ದಾಸ್ತಾನಿರುತ್ತದೆ. ಅಲ್ಲಿಂದ ಒಂದು ಪ್ರೋಟೀನಿನ ಹೆಗಲೇರಿ ರಕ್ತಕ್ಕೆ ಬರುತ್ತದೆ. ಹೊರೆ ಇಳಿಸಿದ ಆ ಪ್ರೋಟೀನನ್ನು ಸೋಸಿ ಒಡೆಯುವುದು ಕಿಡ್ನಿ. ಕಿಡ್ನಿ ನಿಂತರೆ ಹೊರುವವರು ರಕ್ತದಲ್ಲೇ ಉಳಿಯುತ್ತಾರೆ, ಅವರ ಹೆಗಲ ಮೇಲೆ ಎ ಕೂಡ ಉಳಿಯುತ್ತದೆ. ಡಯಾಲಿಸಿಸ್‌ಗೆ ಅದು ಸಿಗುವುದಿಲ್ಲ. ಅದಕ್ಕೇ ಒಂದೂ ಮಾತ್ರೆ ತಿನ್ನದ ಡಯಾಲಿಸಿಸ್ ರೋಗಿಯ ರಕ್ತದಲ್ಲೂ ವಿಟಮಿನ್ ಎ ಮಾಮೂಲಿಗಿಂತ ಜಾಸ್ತಿ ಇರುತ್ತದೆ. ಅದರ ಮೇಲೆ ದಿನಾ ಒಂದು ಮಾತ್ರೆ ಸುರಿದರೆ? ಒಣ ಚರ್ಮ, ತುರಿಕೆ, ತಲೆನೋವು, ಎಲುಬು ನೋವು, ಲಿವರ್‌ಗೆ ಪೆಟ್ಟು, ಕ್ಯಾಲ್ಸಿಯಂ ಏರಿಕೆ. ತಮಾಷೆಯೆಂದರೆ ತುರಿಕೆ, ಎಲುಬು ನೋವು ಕಿಡ್ನಿ ರೋಗಿಗಳಿಗೆ ಮೊದಲೇ ಇರುತ್ತದೆ. ಹಾಗಾಗಿ ಯಾರೂ ಡಬ್ಬಿಯ ಮೇಲೆ ಸಂಶಯ ಪಡುವುದಿಲ್ಲ. "ಮೀನೆಣ್ಣೆ" ಎಂದು ಬರುವ ಕಾಡ್ ಲಿವರ್ ಕ್ಯಾಪ್ಸೂಲ್‌ಗೂ ಇದೇ ಮಾತು. ಅದು ಮೀನಿನ ಲಿವರ್‌ನ ಎಣ್ಣೆ, ಎ ಮತ್ತು ಡಿ ಎರಡೂ ಅದರಲ್ಲಿ ತುಂಬಿರುತ್ತವೆ. ಸಾರಿನ ಬೂತಾಯಿ ಮೀನಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ವಿಟಮಿನ್ ಡಿ. ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿ.

ಮಂಗಳೂರಿನ ಗೇರುಬೀಜದ ಕಾರ್ಖಾನೆ ನೆನಪು ಮಾಡಿಕೊಳ್ಳಿ. ಮರದಿಂದ ಬಿದ್ದ ಬೀಜವನ್ನು ಹಾಗೇ ತಿನ್ನಲಾಗುವುದಿಲ್ಲ, ಬಾಯಿ ಸುಡುತ್ತದೆ. ಬೇಯಿಸಿ, ಒಡೆದು, ಸಿಪ್ಪೆ ಬಿಡಿಸಿದ ಮೇಲೆ ತಿರುಳು ಸಿಗುತ್ತದೆ. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ ಡಿ, ಸ್ಯಾಶೆಯಲ್ಲಿ ಸಿಗುವ ಡಿ, ಎರಡೂ ಹಸಿ ಬೀಜ. ಲಿವರ್ ಅದನ್ನು ಮೊದಲ ಹದಕ್ಕೆ ತರುತ್ತದೆ. ಕೊನೆಯ ಕೆಲಸ ಕಿಡ್ನಿಯದ್ದು. ಕಿಡ್ನಿಯಿಂದ ಹೊರಬರುವ ತಿರುಳಿನ ಹೆಸರು ಕ್ಯಾಲ್ಸಿಟ್ರಿಯಾಲ್. ಈ ಕೊನೆಯ ಕೆಲಸ ಕಿಡ್ನಿಯಲ್ಲಿ ನಡೆಯುತ್ತದೆ ಎಂದು ಫ್ರೇಸರ್ ಮತ್ತು ಕೊಡಿಸೆಕ್ ಎಂಬ ವಿಜ್ಞಾನಿಗಳು ತೋರಿಸಿದ್ದು 1970ರಲ್ಲಿ.

ಲ್ಯಾಬ್‌ನಲ್ಲಿ ಮಾಡುವ ಮಾಮೂಲಿ ವಿಟಮಿನ್ ಡಿ ಪರೀಕ್ಷೆ ಲಿವರ್ ದಾಟಿದ ಡಿಯನ್ನು ಅಳೆಯುತ್ತದೆ. ಅಂದರೆ ಗೋದಾಮಿನ ಚೀಲ ಎಣಿಸುತ್ತದೆ. ಕಾರ್ಖಾನೆ ನಡೆಯುತ್ತಿದೆಯಾ ಎಂದು ಹೇಳುವುದಿಲ್ಲ. ರಿಪೋರ್ಟ್‌ನಲ್ಲಿ ಡಿ ಚೆನ್ನಾಗಿದ್ದೂ ತಿರುಳಿಗೆ ಬರಗಾಲ ಇರಬಹುದು. ಆಗ ಕರುಳು ಕ್ಯಾಲ್ಸಿಯಂ ಹೀರುವುದಿಲ್ಲ, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಗಾಬರಿಯಾಗಿ ಪಿಟಿಎಚ್ ಎಂಬ ಹಾರ್ಮೋನ್ ಸುರಿಸುತ್ತವೆ, ಅದು ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತರುತ್ತದೆ. ಎಲುಬು ಟೊಳ್ಳಾಗುತ್ತದೆ. ಡಾಕ್ಟರು ಡಿ ರಿಪೋರ್ಟ್‌ಗಿಂತ ಪಿಟಿಎಚ್, ಕ್ಯಾಲ್ಸಿಯಂ, ಫಾಸ್ಫರಸ್ ಮೂರನ್ನೇ ಹೆಚ್ಚು ನೋಡುವುದು ಇದಕ್ಕೆ. ಕೊಡುವುದಾದರೆ ಕಿಡ್ನಿಯ ಕೆಲಸ ಮುಗಿಸಿಕೊಂಡೇ ಬಂದ ಕ್ಯಾಲ್ಸಿಟ್ರಿಯಾಲ್, ಇಲ್ಲವೇ ಲಿವರ್ ಒಂದೇ ಸಾಕಾಗುವ ಆಲ್ಫಾಕ್ಯಾಲ್ಸಿಡಾಲ್. ಕ್ಯಾಲ್ಸಿಟ್ರಿಯಾಲ್‌ನ ಪುಟ್ಟ ಕ್ಯಾಪ್ಸೂಲ್‌ನಲ್ಲಿ ಇರುವುದು 0.25 ಮೈಕ್ರೋಗ್ರಾಂ. ಸಣ್ಣದೆಂದು ಸಸಾರ ಬೇಡ. ಜಾಸ್ತಿಯಾದರೆ ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ಏರಿ ರಕ್ತನಾಳದ ಗೋಡೆ ಸುಣ್ಣಗಟ್ಟುತ್ತದೆ.

ಸ್ಯಾಶೆಯ ವಿಷಯದಲ್ಲಿ ನಾನೇ ಕಂಡದ್ದೊಂದಿದೆ. 60,000 ಯೂನಿಟ್‌ನದ್ದನ್ನು ಸಾಮಾನ್ಯವಾಗಿ ವಾರಕ್ಕೊಂದು ಬರೆಯುತ್ತಾರೆ. ಒಬ್ಬ ಅಜ್ಜ ಹತ್ತು ದಿನದಲ್ಲಿ ಮತ್ತೆ ಅದೇ ಚೀಟಿ ಹಿಡಿದು ಬಂದರು. "ಖಾಲಿಯಾಯ್ತು ಮಾರಾಯ್ರೆ, ಹಾಲಿಗೆ ಹಾಕಿ ದಿನಾ ಕುಡಿದೆ." ಎಂಟು ವಾರದ್ದು ಎಂಟು ದಿನದಲ್ಲಿ. ಚೀಟಿಯಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಕೋಳಿಕಾಲು ಅಕ್ಷರದಲ್ಲಿ. ಅವತ್ತಿನಿಂದ ನಾನು ಸ್ಯಾಶೆಯ ಕವರ್ ಮೇಲೆ ದೊಡ್ಡದಾಗಿ "ಆದಿತ್ಯವಾರ ಮಾತ್ರ" ಎಂದು ಬರೆದು ಕೊಡುತ್ತೇನೆ.

ಬಿ12 ಹೆಚ್ಚು ಸೋರುವುದಿಲ್ಲ ಎಂದೆನಲ್ಲ. ಆದರೂ ಅದು ಕಡಿಮೆ ಇರಬಹುದು, ಬೇರೆ ಕಾರಣಕ್ಕೆ. ಪೂರ್ತಿ ಸಸ್ಯಾಹಾರಿಗಳು, ಡಯಾಲಿಸಿಸ್‌ಗೆ ಮುಂಚೆ ಹತ್ತಾರು ವರ್ಷ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿಂದವರು, ಬೆಳಗಾದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರು. ಕಿಡ್ನಿ ರೋಗಿಗಳ ರಕ್ತದಲ್ಲಿ ಬಿ12 ಹೊರುವ ಪ್ರೋಟೀನ್ ಜಾಸ್ತಿ ಇರುವುದರಿಂದ ರಿಪೋರ್ಟ್‌ನಲ್ಲಿ ಅಂಕಿ ಚೆನ್ನಾಗಿ ಕಂಡರೂ ಜೀವಕೋಶಕ್ಕೆ ಕೊರತೆ ಇರುವುದುಂಟು. ಕಾಲು ಜೋಮು, ಉರಿ ಇದ್ದರೆ ಡಾಕ್ಟರಿಗೆ ಹೇಳಿ. ಸೀದಾ ಅಂಗಡಿಗೆ ಬಂದು "ನರದ ವಿಟಮಿನ್ ಕೊಡಿ" ಎನ್ನಬೇಡಿ. ಆ ಹೆಸರಿನಲ್ಲಿ ಓಡುವ ಎಷ್ಟೋ ಮಾತ್ರೆಗಳಲ್ಲಿ ಬಿ12 ಜೊತೆ ಪ್ರೀಗ್ಯಾಬಲಿನ್ ಎಂಬ ನರನೋವಿನ ಮದ್ದು ಇರುತ್ತದೆ. ಅದು ಹೊರಹೋಗುವುದೂ ಕಿಡ್ನಿಯ ದಾರಿಯಲ್ಲೇ. ಡಯಾಲಿಸಿಸ್‌ನವರು ಮಾಮೂಲಿ ಡೋಸ್ ತಿಂದರೆ ಮಂಪರು, ತೂರಾಟ, ಬಚ್ಚಲಲ್ಲಿ ಜಾರಿ ಬೀಳುವುದು. ಬಿ6 ಕೂಡ ದೊಡ್ಡ ಡೋಸ್‌ನಲ್ಲಿ ತುಂಬಾ ಕಾಲ ತಿಂದರೆ ನರವನ್ನೇ ಕೆಡಿಸುತ್ತದೆ. ಬಿ ವಿಟಮಿನ್ ಎಷ್ಟು ತಿಂದರೂ ತೊಂದರೆ ಇಲ್ಲ ಎನ್ನುವವರಿಗೆ ಕೆನಡಾದ ಒಂದು ಅಧ್ಯಯನ ಉತ್ತರ ಕೊಟ್ಟಿದೆ. 2010ರಲ್ಲಿ ಪ್ರಕಟವಾದದ್ದು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋಲುತ್ತಿದ್ದ, ಇನ್ನೂ ಡಯಾಲಿಸಿಸ್‌ಗೆ ಬರದವರಿಗೆ ಫೋಲಿಕ್ ಆಸಿಡ್, ಬಿ6, ಬಿ12 ದೊಡ್ಡ ಡೋಸ್‌ನಲ್ಲಿ ಕೊಟ್ಟರು. ಕಿಡ್ನಿ ಇನ್ನೂ ಬೇಗ ಸೋತಿತು.

ಇ ಮತ್ತು ಕೆ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಇ ಸುಮ್ನೆ ಬೇಡ. ಕೆ, ರಕ್ತ ತೆಳುವಾಗಲು ವಾರ್ಫರಿನ್ ತಿನ್ನುವವರ ಲೆಕ್ಕ ತಪ್ಪಿಸುತ್ತದೆ.

ಆ ಸಂಜೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ಆ ಹೆಂಗಸಿನ ಹತ್ತಿರ ಅಪ್ಪನ ಫೈಲ್ ಇದೆಯಾ ಎಂದು ಕೇಳಿದೆ. ಇತ್ತು, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ತಂದಿದ್ದರು. ಹಿಮೋಗ್ಲೋಬಿನ್ 7.6. ಡಯಾಲಿಸಿಸ್‌ನವರಿಗೆ 10ರಿಂದ 11.5ರ ಆಸುಪಾಸು ಇದ್ದರೆ ಸಾಕು ಎನ್ನುತ್ತಾರೆ, ಇದು ಅದಕ್ಕಿಂತಲೂ ಎಷ್ಟೋ ಕೆಳಗೆ. ರಕ್ತ ತಯಾರಿಸು ಎಂದು ಎಲುಬಿನ ಮಜ್ಜೆಗೆ ಹೇಳುವ ಎರಿಥ್ರೊಪೊಯಟಿನ್ ಹಾರ್ಮೋನ್ ಬರುವುದೂ ಕಿಡ್ನಿಯಿಂದಲೇ. ಅದಕ್ಕೆ ಬದಲಿಯಾಗಿ ಇಂಜೆಕ್ಷನ್ ಬರೆದಿದ್ದರು, ವಾರಕ್ಕೆರಡು.

"ಇದು ಹಾಕಿಸ್ತಾ ಇದ್ದೀರಲ್ಲ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರು ವಾರದಿಂದ ಇಲ್ಲ ಸರ್. ಅಲ್ಲಿ ಸ್ಟಾಕ್ ಇಲ್ಲ, ಹೊರಗಿಂದ ತನ್ನಿ ಅಂದ್ರು. ಅಪ್ಪ, ಸೂಜಿ ಎಂತಕ್ಕೆ, ಶಕ್ತಿಯ ಮಾತ್ರೆ ಬರ್ತದಲ್ಲ ದುಬೈಯಿಂದ ಅಂದ್ರು."

ಡಾಕ್ಟರಿಗೆ ಫೋನ್ ಮಾಡಿಸಿದೆ. ಇಂಜೆಕ್ಷನ್ ಮತ್ತೆ ಸುರು ಮಾಡಿ, ಮುಂದಿನ ಡಯಾಲಿಸಿಸ್‌ಗೆ ಬರುವಾಗ ಕಬ್ಬಿಣಾಂಶದ ಪರೀಕ್ಷೆಗೆ ರಕ್ತ ಕೊಡಿ ಎಂದರು. ಫ್ರಿಜ್‌ನಿಂದ ಎರಡು ಸಿರಿಂಜ್ ತೆಗೆದು ಐಸ್ ಪ್ಯಾಕ್ ಜೊತೆ ಕಟ್ಟಿಕೊಟ್ಟೆ. ಅವರು ದುಬೈ ಡಬ್ಬಿಯನ್ನು ವಾಪಸ್ ಚೀಲಕ್ಕೆ ಹಾಕಲು ಹೊರಟವರು ನಿಂತರು. ಕೌಂಟರ್ ಮೇಲಿದ್ದ ಮಾರ್ಕರ್ ಕೇಳಿ ತೆಗೆದುಕೊಂಡು ಮುಚ್ಚಳದ ಮೇಲೆ ಬರೆದರು: "ಅಪ್ಪನಿಗೆ ಅಲ್ಲ."